ಇಪ್ಪತ್ತಮೂರು ವರ್ಷ ತಡವಾಗಿ ಬಂದ ಸುದ್ದಿ

ಫಾರೆಸ್ಟ್ ಲೇಕ್‌ನಲ್ಲಿ ವಾರಾಂತ್ಯದ ಬೆಳಿಗ್ಗೆ ಕೆರೆಯ ಸುತ್ತ ನಡೆಯಲು ಹೋಗುವವರಿಗೆ ತಲೆಯ ಮೇಲೆ ಸಣ್ಣ ವಿಮಾನಗಳು ಗುಂಯ್‌ಗುಡುತ್ತ ಸಾಗುವುದು ಪರಿಚಿತ ದೃಶ್ಯ. ಹತ್ತಿರದ ಆರ್ಚರ್‌ಫೀಲ್ಡ್ ನಿಲ್ದಾಣದಲ್ಲಿ ಇಂದಿಗೂ ಹಾರಾಟ ಕಲಿಸುತ್ತಾರೆ. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಲ್ಲಿ ಆಸ್ಟ್ರೇಲಿಯಾ ವಾಯುಪಡೆಯ ಪ್ರಾಥಮಿಕ ತರಬೇತಿ ಶಾಲೆಯಿತ್ತು. ಹೊಲ, ಅಂಗಡಿ, ಬ್ಯಾಂಕುಗಳ ಕೆಲಸ ಬಿಟ್ಟು ಬಂದ ಹುಡುಗರು ಅಲ್ಲಿ ಟೈಗರ್ ಮಾತ್ ಎಂಬ ಎರಡು ರೆಕ್ಕೆಗಳ ಪುಟ್ಟ ವಿಮಾನದಲ್ಲಿ ಮೊದಲ ಪಾಠ ಕಲಿತರು. ಅಂಥ ಶಾಲೆಗಳಿಂದ ಹೊರಟ ಎಷ್ಟೋ ಮಂದಿ ಮುಂದೆ ಇಂಗ್ಲೆಂಡಿಗೆ ಹೋಗಿ ಬಾಂಬರ್‌ಗಳನ್ನೇರಿದರು. ಅನೇಕರು ಮರಳಲಿಲ್ಲ.

ಈ ಸಂಗತಿ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರಿಂದ. ಕಳೆದ ಆನ್‌ಜ್ಯಾಕ್ ದಿನದ ಮುಂಜಾನೆಯ ಪ್ರಾರ್ಥನೆ ಮುಗಿಸಿ ಬಂದವರು ಚಹಾಕ್ಕೆಂದು ಕರೆದು, ಮೇಜಿನ ಮೇಲೆ ಒಂದು ದಪ್ಪ ಕಡತವನ್ನಿಟ್ಟರು. ಅವರ ತಾಯಿಯ ತಮ್ಮ ಲ್ಯಾಂಕಾಸ್ಟರ್ ಬಾಂಬರ್ ಒಂದರಲ್ಲಿ ರೇಡಿಯೊ ನಿರ್ವಾಹಕರಾಗಿದ್ದು ಜರ್ಮನಿಯ ಮೇಲೆ ಮಡಿದವರು. "ಅಮ್ಮ ಸಾಯುವವರೆಗೂ ಅವನ ವಿಷಯ ಮಾತನಾಡಲಿಲ್ಲ. ಅವರು ಹೋದ ಮೇಲೆ ನಾನು ಹುಡುಕಲು ಶುರುಮಾಡಿದೆ" ಎಂದರು. ಹಾಳೆಗಳನ್ನು ಒಂದೊಂದಾಗಿ ತಿರುವಿ ತೋರಿಸಿದ ಮೇಲೆ ಅವರು ಸಹಜವಾಗಿ ಕೇಳಿದರು: "ನಿಮ್ಮ ಕಡೆಯವರು ಹೀಗೆ ಹುಡುಕುವುದಿಲ್ಲವೆ?"

ಆ ಕ್ಷಣ ನನಗೆ ನೆನಪಾದ ಹೆಸರು ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ. ಅವರ ಕಥೆಯನ್ನು ಹೇಳುವ ಮೊದಲು ಆ ಕಡತದಲ್ಲಿ ಏನಿತ್ತೆಂಬುದನ್ನು ಹೇಳಬೇಕು. ಏಕೆಂದರೆ ಎರಡೂ ಕಥೆಗಳು ಒಂದೇ ಪ್ರಶ್ನೆಯವು: ಮನೆಗೆ ಬಾರದವನ ಕೊನೆಯ ಗಳಿಗೆಯ ಸುದ್ದಿ ಯಾರ ಬಳಿ ಇರುತ್ತದೆ?

ಏಳು ಜನರ ಒಂದು ವಿಮಾನ

ಲ್ಯಾಂಕಾಸ್ಟರ್ ವಿಮಾನದಲ್ಲಿ ಸಾಮಾನ್ಯವಾಗಿ ಏಳು ಜನರಿರುತ್ತಿದ್ದರು: ಚಾಲಕ, ಎಂಜಿನಿಯರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬು ಗುರಿಯಿಡುವವನು, ರೇಡಿಯೊ ನಿರ್ವಾಹಕ, ಮೇಲಿನ ಗೋಪುರದ ಬಂದೂಕುಗಾರ ಮತ್ತು ಬಾಲದ ತುದಿಯಲ್ಲಿ ಒಂಟಿಯಾಗಿ ಕುಳಿತ ಮತ್ತೊಬ್ಬ ಬಂದೂಕುಗಾರ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ನೂರಕ್ಕೆ ನಲವತ್ತಕ್ಕೂ ಹೆಚ್ಚು. ಅವರಲ್ಲಿ 3,400ಕ್ಕೂ ಹೆಚ್ಚು ಮಂದಿ ಆಸ್ಟ್ರೇಲಿಯಾದವರು. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ 'ಜಿ ಫಾರ್ ಜಾರ್ಜ್' ಎಂಬ ಲ್ಯಾಂಕಾಸ್ಟರ್ ಇದೆ. ಪರ್ತ್‌ನ ನಮ್ಮ ಸದಸ್ಯ ಮಿತ್ರರು ಬುಲ್ ಕ್ರೀಕ್‌ನ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದನ್ನು ನೋಡಬಹುದು. ಅದರ ಬದಿಯಲ್ಲಿ ನಿಂತಾಗ ಒಳಗೆ ಎಷ್ಟು ಕಡಿಮೆ ಜಾಗವಿತ್ತು, ಉರಿಯುವಾಗ ಹೊರಬರುವುದು ಎಷ್ಟು ಕಷ್ಟವಿದ್ದಿರಬೇಕು ಎಂಬುದು ಅರಿವಾಗುತ್ತದೆ.

ರಾತ್ರಿ ಹೊರಟ ವಿಮಾನ ಬೆಳಗಾದರೂ ಬಾರದಿದ್ದರೆ ಮನೆಗೆ ತಂತಿ ಹೋಗುತ್ತಿತ್ತು: ಕಾಣೆಯಾಗಿದ್ದಾರೆ. ತಿಂಗಳುಗಳ ಬಳಿಕ ಇನ್ನೊಂದು ಪತ್ರ: ಮಡಿದಿರಬಹುದೆಂದು ಭಾವಿಸಲಾಗಿದೆ. ಆ ಎರಡು ಕಾಗದಗಳ ನಡುವೆ ತಾಯಂದಿರು ಸೆರೆಶಿಬಿರಗಳ ಪಟ್ಟಿಗಾಗಿ ಕಾಯುತ್ತಿದ್ದರು. ಯುದ್ಧ ಮುಗಿದಾಗ ಹೀಗೆ ಕಾಣೆಯಾದ ವಾಯುಸೈನಿಕರ ಸಂಖ್ಯೆ ಸುಮಾರು 42,000. ಅವರನ್ನು ಹುಡುಕಲೆಂದೇ ಬ್ರಿಟಿಷ್ ವಾಯುಪಡೆ ಒಂದು ಶೋಧನಾ ವಿಭಾಗವನ್ನು ತೆರೆಯಿತು. ಅದರ ಅಧಿಕಾರಿಗಳು ಯೂರೋಪಿನ ಹಳ್ಳಿಹಳ್ಳಿಗೆ ಹೋಗಿ ಪಾದ್ರಿಗಳನ್ನು, ಊರ ಮುಖಂಡರನ್ನು, ಸ್ಮಶಾನ ಕಾಯುವವರನ್ನು ಕೇಳಿದರು. ಗೋರಿಗಳನ್ನು ತೆರೆದು ಅಂಗಿಯ ಗುರುತು, ಉಂಗುರ, ಹಲ್ಲಿನ ಸಾಲುಗಳಿಂದ ಹೆಸರು ಪತ್ತೆ ಮಾಡಿದರು. ಆದರೂ ಗೋರಿ ತಿಳಿಯದ 20,000ಕ್ಕೂ ಹೆಚ್ಚು ವಾಯುಸೈನಿಕರ ಹೆಸರು ಲಂಡನ್ನಿನ ಬಳಿಯ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲಿದೆ.

ನಮ್ಮ ಹಿರಿಯರು ತೋರಿಸಿದ ಕಡತ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದ್ದು. ಅದರಲ್ಲಿ ತಂತಿಯ ನಕಲಿತ್ತು, ದಳಪತಿಯ ಪತ್ರವಿತ್ತು, ಪೆಟ್ಟಿಗೆಯಲ್ಲಿ ಉಳಿದ ಸಾಮಾನುಗಳ ಪಟ್ಟಿಯಿತ್ತು. ಆದರೆ ಅವರ ಸೋದರಮಾವ ಹೇಗೆ ಸತ್ತರು, ಎಲ್ಲಿ ಮಣ್ಣಾದರು ಎಂಬ ಸಂಗತಿ ಇದ್ದದ್ದು ಮತ್ತೊಂದು ಹಾಳೆಯಲ್ಲಿ. ಅದು ಜರ್ಮನ್ನರು ಬರೆದಿಟ್ಟದ್ದು. ಬಿದ್ದ ವಿಮಾನ, ಸಿಕ್ಕ ದೇಹಗಳು, ಹೂಳಿದ ಜಾಗ ಇವನ್ನು ಶತ್ರು ದಾಖಲಿಸಿದ್ದ. ಸತ್ತವರ ಪಟ್ಟಿಗಳು ರೆಡ್ ಕ್ರಾಸ್ ಮೂಲಕ ಇತ್ತ ತಲುಪುತ್ತಿದ್ದವು. ದೇಹಗಳನ್ನು ಹೂಳಿದವರು ಅದೇ ಬಾಂಬುಗಳ ಕೆಳಗೆ ಬದುಕಿದ ಹಳ್ಳಿಗರು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲೇ ಸುಮಾರು 40,000 ಜನ ಬೆಂಕಿಗೆ ಆಹುತಿಯಾದರು. ಬಾಂಬರ್ ತಂಡದ ಬಂಧುವನ್ನು ಹುಡುಕುವವರು ಈ ಲೆಕ್ಕವನ್ನೂ ಓದಬೇಕಾಗುತ್ತದೆ. "ಅದನ್ನು ಓದಿದ ಮೇಲೆ ಅವನನ್ನು ವೀರನೆಂದು ಕರೆಯುವುದನ್ನು ಬಿಟ್ಟೆ. ಅವನಿಗೆ 21 ವರ್ಷವಾಗಿತ್ತು ಎಂದಷ್ಟೇ ಹೇಳುತ್ತೇನೆ" ಎಂದರು ಆ ಹಿರಿಯರು.

ಅದಂಪುರದಿಂದ ಹೊರಟವರು

ಈಗ ನಮ್ಮ ಕಥೆ. ಇದು ಬೇರೆ ಯುದ್ಧ, ಬೇರೆ ಬಗೆಯ ವಿಮಾನ. ದೇವಯ್ಯನವರದು ಏಳು ಜನರ ಬಾಂಬರ್ ಅಲ್ಲ. ಒಬ್ಬನೇ ನಡೆಸುವ ಮಿಸ್ಟೇರ್ ಎಂಬ ಫ್ರೆಂಚ್ ಫೈಟರ್ ಬಾಂಬರ್. ಆದರೆ ಕೆಲಸ ಅದೇ: ಗಡಿ ದಾಟಿ, ಗುರಿಯ ಮೇಲೆ ದಾಳಿ ಮಾಡಿ, ಹಿಂದಿರುಗುವುದು.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ಭಾರತೀಯ ವಾಯುಪಡೆಗೆ ಸೇರಿ, ಕಾಲಕ್ರಮದಲ್ಲಿ ಹೊಸಬರಿಗೆ ಹಾರಾಟ ಕಲಿಸುವ ಬೋಧಕರಾದರು. 1965ರಲ್ಲಿ ಯುದ್ಧದ ಮೋಡ ಕವಿದಾಗ ಪಂಜಾಬಿನ ಅದಂಪುರ ನೆಲೆಯಲ್ಲಿದ್ದ 1ನೆಯ ಸ್ಕ್ವಾಡ್ರನ್ ಸೇರಿದರು. 'ಟೈಗರ್ಸ್' ಎಂಬುದು ಆ ಸ್ಕ್ವಾಡ್ರನ್‌ನ ಅಡ್ಡಹೆಸರು. ಅದರ ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ ನಿಂತಿದ್ದ ಹಲವು ವಿಮಾನಗಳನ್ನು ಸುಟ್ಟವು. ಮರುದಿನ ಮುಂಜಾನೆಯೇ ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆ ಸರ್ಗೋಧಾದ ಮೇಲೆ ಪ್ರತಿದಾಳಿ ಮಾಡುವ ಆದೇಶ ಬಂತು. ಹನ್ನೆರಡು ಮಿಸ್ಟೇರ್‌ಗಳು ಹೋಗಬೇಕು, ಎರಡು ಬದಲಿಗೆ ಸಿದ್ಧವಾಗಿರಬೇಕು ಎಂಬುದು ಯೋಜನೆ. ದೇವಯ್ಯನವರ ಹೆಸರಿದ್ದದ್ದು ಬದಲಿಗಳಲ್ಲಿ. ಮುಖ್ಯ ತಂಡದಲ್ಲಿ ತೆರವಾದ ಜಾಗವನ್ನು ತುಂಬಲು ಅವರು ಹೊರಟರು. ಇನ್ನೂ ಕತ್ತಲು, ನೆಲಕ್ಕೆ ತೀರ ಹತ್ತಿರವಾಗಿ ಹಾರಬೇಕು, ಮಿಸ್ಟೇರ್‌ನಲ್ಲಿ ದಾರಿ ತೋರುವ ರಾಡಾರ್ ಇಲ್ಲ, ಹೋಗಿಬರಲು ಬೇಕಾದಷ್ಟೇ ಇಂಧನ.

ದಾಳಿ ಮುಗಿಯಿತು. ಹೊರಟ ವಿಮಾನಗಳು ಅದಂಪುರಕ್ಕೆ ಮರಳಿದವು. ಒಂದು ಬರಲಿಲ್ಲ. ಅದು ದೇವಯ್ಯನವರದು. ಅವರಿಗೆ ಆಗ 32 ವರ್ಷ.

ಅವರು ಬಿದ್ದುದನ್ನು ಜೊತೆಯವರಾರೂ ಕಾಣಲಿಲ್ಲ. ಶತ್ರುವಿನ ಗುಂಡೋ, ಇಂಧನ ತೀರಿತೋ, ಕತ್ತಲಲ್ಲಿ ನೆಲಕ್ಕೆ ಬಡಿಯಿತೋ ಎಂದು ಹೇಳಬಲ್ಲವರು ಭಾರತದಲ್ಲಿ ಇರಲಿಲ್ಲ. ಕಡತದಲ್ಲಿ 'ಕಾಣೆಯಾದವರು' ಎಂಬ ಶಬ್ದ ಸೇರಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ ಇನ್ನೂ ವಾರ ತುಂಬಿರಲಿಲ್ಲ. ಪತ್ನಿ ಮತ್ತು ಪುಟ್ಟ ಮಕ್ಕಳ ಪಾಲಿಗೆ ಅದು ಶೋಕಿಸಲೂ ಬಾರದ, ಆಸೆ ಬಿಡಲೂ ಆಗದ ಶಬ್ದ.

ಅದೇ ತಿಂಗಳು ಕೊಡಗಿನ ಇನ್ನೊಂದು ಮನೆಗೂ ಇಂಥ ಸುದ್ದಿ ಬಂತು. ಜನರಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಸೆಪ್ಟೆಂಬರ್ 22ರಂದು ತಮ್ಮ ಹಂಟರ್ ವಿಮಾನದಿಂದ ಜಿಗಿದು ಪಾಕಿಸ್ತಾನದ ಸೆರೆಯಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರಿಗೆ ಕಾರ್ಯಪ್ಪನವರು ಹಳೆಯ ಪರಿಚಿತರು. ಮಗ ಸುರಕ್ಷಿತನೆಂಬ ಸುದ್ದಿ ಬೇಗನೆ ತಲುಪಿತು. ಮರುವರ್ಷ ಮಗನೇ ಮನೆಗೆ ಬಂದರು. ಒಂದೇ ನಾಡಿನ ಎರಡು ಮನೆಗಳು, ಒಂದೇ ತಿಂಗಳು. ಒಂದು ಮನೆಗೆ ಉತ್ತರ ಸಿಕ್ಕಿತು. ಇನ್ನೊಂದು ಕಾಯುತ್ತ ಉಳಿಯಿತು.

ಎದುರಾಳಿಯ ಪುಟಗಳಲ್ಲಿ

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ವಿವರಿಸುವ ಪುಸ್ತಕವೊಂದನ್ನು ಬರೆದರು. ಅದು ಪ್ರಕಟವಾದದ್ದು 1979ರಲ್ಲಿ. ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಆ ಪುಸ್ತಕದ ಬಹುಭಾಗ ಪಾಕಿಸ್ತಾನದ ಗೆಲುವುಗಳ ವರ್ಣನೆ. ಆದರೆ ಅದರಲ್ಲೇ ಸೆಪ್ಟೆಂಬರ್ 7ರ ಮುಂಜಾನೆಯ ಒಂದು ಪ್ರಸಂಗವೂ ಇತ್ತು.

ಸರ್ಗೋಧಾದಿಂದ ಮೇಲೆದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್ ಅವರ ವಿಮಾನ ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದ್ದು. ಅದರ ಮುಂದೆ ಮಿಸ್ಟೇರ್ ಹಳೆಯ ತಲೆಮಾರಿನದು. ದಾಳಿ ಮುಗಿಸಿ ತಿರುಗಿದ್ದ ಮಿಸ್ಟೇರ್ ಒಂದನ್ನು ಅವರು ಅಟ್ಟಿಸಿ ಹೊಡೆದರು. ಏಟು ತಗಲಿತು, ಅದರ ಕಥೆ ಮುಗಿಯಿತೆಂದುಕೊಂಡರು. ಆದರೆ ಗಾಯಗೊಂಡ ಮಿಸ್ಟೇರ್ ಓಡಲಿಲ್ಲ, ತಿರುಗಿ ಬಿತ್ತು. ನೆಲಕ್ಕೆ ಹತ್ತಿರದಲ್ಲಿ ಬಿಗಿಯಾಗಿ ಸುತ್ತುವಾಗ ಸ್ಟಾರ್‌ಫೈಟರ್‌ನ ವೇಗ ಉಪಯೋಗಕ್ಕೆ ಬಾರದು. ಮಿಸ್ಟೇರ್‌ನ 30 ಮಿಲಿಮೀಟರ್ ಫಿರಂಗಿಗಳ ಗುಂಡು ತಗಲಿ ಸ್ಟಾರ್‌ಫೈಟರ್ ಹಿಡಿತ ತಪ್ಪಿತು. ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಮಿಸ್ಟೇರ್‌ನ ಚಾಲಕ ಬದುಕಲಿಲ್ಲ.

ಆ ಚಾಲಕ ಯಾರೆಂದು ಪಾಕಿಸ್ತಾನದಲ್ಲಿ ಗೊತ್ತಿರಲಿಲ್ಲ. ಭಾರತದಲ್ಲಿ ಲೆಕ್ಕ ಸುಲಭವಾಗಿತ್ತು: ಆ ಬೆಳಗಿನ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ಒಂದೇ. ಆದರೆ ಒಂದು ಕಡೆ ಹೆಸರಿಲ್ಲದ ಕಾಳಗ, ಇನ್ನೊಂದು ಕಡೆ ಕಾಳಗವಿಲ್ಲದ ಹೆಸರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಯಾರಾದರೂ ಬೇಕಿತ್ತು.

ಇಲ್ಲಿ ಇತಿಹಾಸದ ಒಂದು ಕಹಿ ಕಾಕತಾಳೀಯವನ್ನು ಹೇಳಲೇಬೇಕು. 1971ರ ಡಿಸೆಂಬರ್ ಯುದ್ಧದಲ್ಲಿ ಇದೇ ಅಮ್ಜದ್ ಹುಸೇನ್ ಅವರ ವಿಮಾನವನ್ನು ಅಮೃತಸರದ ಬಳಿ ಭಾರತದ ವಿಮಾನನಿರೋಧಕ ತೋಪುಗಳು ಉರುಳಿಸಿದವು. ಅವರು ಭಾರತದ ಯುದ್ಧಕೈದಿಯಾದರು. ದೇವಯ್ಯನವರ ಕೊನೆಯ ಗಳಿಗೆಯನ್ನು ಕಣ್ಣಾರೆ ಕಂಡ ಮನುಷ್ಯ ನಮ್ಮದೇ ನೆಲದಲ್ಲಿದ್ದರು. ಆದರೂ ಆ ಸುದ್ದಿ ಕೊಡಗನ್ನು ತಲುಪಲಿಲ್ಲ. ಉತ್ತರ ಹತ್ತಿರದಲ್ಲೇ ಇದ್ದರೂ ಪ್ರಶ್ನೆ ಕೇಳಬೇಕಾದವರಿಗೆ ಯಾರನ್ನು ಕೇಳಬೇಕೆಂದು ತಿಳಿದಿರಲಿಲ್ಲ.

ಫ್ರಿಕರ್ ಅವರ ಪುಸ್ತಕದ ಬಳಿಕ ಹಳೆಯ ಕಡತ ಮತ್ತೆ ತೆರೆಯಿತು. ತಮ್ಮ ತಂಡದವರನ್ನು ಮರೆಯದಿದ್ದ ತನೇಜಾ ಅವರು ಈ ಸಂಗತಿಯನ್ನು ವಾಯುಪಡೆಯ ಮುಖ್ಯಾಲಯದ ಗಮನಕ್ಕೆ ತಂದರು. 1988ರಲ್ಲಿ, ಕಾಳಗ ನಡೆದ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮುಂದೆ ಪಾಕಿಸ್ತಾನದ ನಿವೃತ್ತ ವಾಯುಸೇನಾಧಿಕಾರಿ, ಇತಿಹಾಸಕಾರ ಕೈಸರ್ ತುಫೈಲ್ ಅವರು ಈ ಪ್ರಕರಣವನ್ನು ಪಾಕಿಸ್ತಾನದಲ್ಲಿ ಪರಿಶೀಲಿಸಿ ಬರೆದರು. ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಗರು ಹೊಲದಲ್ಲೇ ಮಣ್ಣು ಮಾಡಿದ್ದರು.

ನಮ್ಮ ಬೀದಿಯ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಜರ್ಮನಿಯ ಹಳ್ಳಿಗರು, ಪಂಜಾಬಿನ ಹಳ್ಳಿಗರು. ಬಿದ್ದವನು ತಮ್ಮ ಮೇಲೆ ಬಾಂಬು ಹಾಕಲು ಬಂದವನೆಂದು ತಿಳಿದೂ ಹೂತವರು.

ಈಗ ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರ ಜನವರಿಯಲ್ಲಿ ತೆರೆಕಂಡ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ಹೆಸರುಗಳನ್ನು ಬದಲಿಸಿ ಇದೇ ಕಥೆಯನ್ನು ಹೇಳಿತು. ಇಲ್ಲಿಯೂ ನಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. ಚಿತ್ರ ನೋಡಿದ ಮಕ್ಕಳಿಗೆ ನಿಜವಾದ ಹೆಸರನ್ನು ಹೇಳುವುದು ನಮ್ಮ ಕೆಲಸ.

ಕಲ್ಲಿನಲ್ಲಿ ಬರೆದಿಟ್ಟವರು

ಹೀಗೆ ಹುಡುಕಿ ದಾಖಲಿಸುವುದು ಪಾಶ್ಚಾತ್ಯರ ಅಭ್ಯಾಸ, ನಮ್ಮದಲ್ಲ ಎಂದು ಕೆಲವರು ಹೇಳುವುದುಂಟು. ಕನ್ನಡ ನಾಡಿನ ಮಟ್ಟಿಗೆ ಈ ಮಾತು ಸರಿಯಲ್ಲ. ನಮ್ಮ ಊರೂರಿನ ಬದಿಯಲ್ಲಿ ನಿಂತ ವೀರಗಲ್ಲುಗಳು ಮತ್ತೇನು? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಜೊತೆಗೆ ಬರಹವಿದ್ದರೆ ಯಾರು, ಯಾವ ಕಾಳಗದಲ್ಲಿ ಸತ್ತನು, ಕಲ್ಲನ್ನು ಯಾರು ನಿಲ್ಲಿಸಿದರು ಎಂಬ ವಿವರ. ಬೆಂಗಳೂರು ಎಂಬ ಹೆಸರಿನ ಅತಿ ಹಳೆಯ ಉಲ್ಲೇಖ ಸಿಗುವುದು ಬೇಗೂರಿನ ಸುಮಾರು ಒಂಬತ್ತನೆಯ ಶತಮಾನದ ಶಾಸನದಲ್ಲಿ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣ ಸೆಟ್ಟಿ ಮಡಿದನೆಂದು ಅದು ಹೇಳುತ್ತದೆ. ಸತ್ತವನೊಬ್ಬನ ನೆನಪನ್ನು ಉಳಿಸಲು ಯಾರೋ ಬರೆಸಿದ್ದರಿಂದ ಒಂದು ಮಹಾನಗರದ ಹೆಸರಿನ ಪ್ರಾಚೀನತೆ ನಮಗೆ ಸಿಕ್ಕಿತು.

ಬರೆದಿಡುವ ಆ ಅಭ್ಯಾಸವನ್ನು ನಾವು ಎಲ್ಲೋ ಕಳೆದುಕೊಂಡೆವು. ಮನೆಯ ಗೋಡೆಯ ಮೇಲೆ ಸಮವಸ್ತ್ರದ ಒಂದು ಭಾವಚಿತ್ರವಿರುತ್ತದೆ. ಅಜ್ಜಿ ಇರುವವರೆಗೆ ಅದಕ್ಕೊಂದು ಹೆಸರಿರುತ್ತದೆ. ಅಜ್ಜಿ ಹೋದ ಮೇಲೆ 'ಮಿಲಿಟರಿ ಮಾವ' ಎನ್ನುತ್ತೇವೆ. ಮನೆ ಮಾರಿದಾಗ ಚಿತ್ರವೂ ಹೋಗುತ್ತದೆ.

ಹುಡುಕುವುದು ಹೇಗೆ?

ನಮ್ಮ ಸದಸ್ಯ ಕುಟುಂಬಗಳಲ್ಲಿ ಯಾರಿಗಾದರೂ ಇಂಥ ಬಂಧುವಿದ್ದರೆ ಕೆಲವು ದಾರಿಗಳಿವೆ.

ಮೊದಲನೆಯದು ಹೆಸರು. ನಮ್ಮ ಹೆಸರುಗಳು ಇಂಗ್ಲಿಷ್ ಕಡತಗಳಲ್ಲಿ ಒಂದೇ ರೂಪದಲ್ಲಿ ಇರುವುದಿಲ್ಲ. ದೇವಯ್ಯ ಎಂಬ ಹೆಸರೇ ಕನಿಷ್ಠ ಮೂರು ಬಗೆಯ ಕಾಗುಣಿತದಲ್ಲಿ ಸಿಗುತ್ತದೆ. ಮನೆತನದ ಹೆಸರು, ತಂದೆಯ ಹೆಸರು, ಊರಿನ ಹೆಸರು ಮೊದಲಕ್ಷರಗಳಾಗಿ ಅಡಗಿರುತ್ತವೆ. ಆದ್ದರಿಂದ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಂಡು ಹುಡುಕಬೇಕು. ಸೇವಾಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಪಿಂಚಣಿ ಕಾಗದ, ಪದಕದ ಅಂಚು, ಟ್ರಂಕಿನ ಮುಚ್ಚಳಗಳಲ್ಲಿ ಅದು ಇರಬಹುದು.

ಎರಡನೆಯದು ಕಾಲ. ಎರಡು ಮಹಾಯುದ್ಧಗಳಲ್ಲಿ ಮಡಿದ ಭಾರತೀಯ ಸೈನಿಕರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿವೆ; ಅದನ್ನು ಮನೆಯಲ್ಲೇ ಕುಳಿತು ನೋಡಬಹುದು. ಸ್ವಾತಂತ್ರ್ಯಾನಂತರ ಮಡಿದವರ 25,000ಕ್ಕೂ ಹೆಚ್ಚು ಹೆಸರುಗಳು ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಕಲ್ಲುಗಳ ಮೇಲಿವೆ. ವಾಯುಪಡೆಯವರಾದರೆ 'ಭಾರತ್ ರಕ್ಷಕ್' ಎಂಬ ಜಾಲತಾಣವನ್ನು ನೋಡಬೇಕು. ಸ್ವಯಂಸೇವಕರು ವರ್ಷಗಟ್ಟಲೆ ಗೆಜೆಟ್‌ಗಳನ್ನೂ ಹಳೆಯ ಪತ್ರಿಕೆಗಳನ್ನೂ ಓದಿ ಅದನ್ನು ಕಟ್ಟಿದ್ದಾರೆ. ಅವರಲ್ಲಿ ಪ್ರಮುಖರಾದ ಪಿ.ವಿ.ಎಸ್. ಜಗನ್ ಮೋಹನ್ ಅವರು ಸಮೀರ್ ಚೋಪ್ರಾ ಅವರೊಂದಿಗೆ 1965ರ ವಾಯುಯುದ್ಧದ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 2005ರಲ್ಲಿ ಬಂತು. ಅದು ಎರಡೂ ಕಡೆಯ ಹೇಳಿಕೆಗಳನ್ನು ಎದುರುಬದುರು ಇಟ್ಟು ತೂಗುತ್ತದೆ.

ಮೂರನೆಯದು, ಆಚೆಯ ಕಡೆಯ ಪುಟಗಳನ್ನು ಓದುವ ಮನಸ್ಸು. ನಮ್ಮವನನ್ನು ಕೊಂದವರ ಬರಹವನ್ನು ಓದುವುದು ಸುಲಭವಲ್ಲ. ಅದರಲ್ಲಿ ಹೆಮ್ಮೆಯ ಮಾತುಗಳಿರುತ್ತವೆ, ನಮಗೆ ನೋವಾಗುವ ಶಬ್ದಗಳಿರುತ್ತವೆ. ಆದರೆ ದೇವಯ್ಯನವರ ವಿಷಯದಲ್ಲಿ ಸತ್ಯ ಉಳಿದದ್ದು ಅಲ್ಲಿಯೇ. ತನ್ನನ್ನು ಎದುರಾಳಿ ಉರುಳಿಸಿದನೆಂಬ ಸಂಗತಿಯನ್ನು ಹುಸೇನ್ ಮುಚ್ಚಿಟ್ಟಿದ್ದರೆ ನಮ್ಮ ಕಡತದಲ್ಲಿ ಇಂದಿಗೂ 'ಕಾಣೆಯಾದವರು' ಎಂದೇ ಇರುತ್ತಿತ್ತು.

ಯುದ್ಧವೆಂದರೆ ಗಡಿಯಲ್ಲಿ ಮಡಿದವರು ಮಾತ್ರವಲ್ಲ. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ನರ ದುರಸ್ತಿ ಕೇಂದ್ರವಾಯಿತು. ಬರ್ಮಾ ಮತ್ತು ಚೀನಾದ ಕಡೆ ಹಾರುತ್ತಿದ್ದ ವಿಮಾನಗಳು ಅಲ್ಲಿ ರಿಪೇರಿಯಾದವು. ನಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಅಲ್ಲಿ ದುಡಿದಿರಬಹುದು. ಅವರ ಕೈ ತಾಗಿದ ವಿಮಾನ ಯಾವುದು, ಅದರಲ್ಲಿ ಹೋದವರು ಯಾರು ಎಂಬುದೂ ಕೇಳಬಹುದಾದ ಪ್ರಶ್ನೆಯೇ.

ಮುಂದಿನ ಸಲ ಊರಿಗೆ ಹೋದಾಗ ಹಿರಿಯರ ಬಳಿ ಒಂದು ಗಂಟೆ ಕುಳಿತುಕೊಳ್ಳೋಣ. ಗೋಡೆಯ ಮೇಲಿನ ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆಯೋಣ. ತಿಳಿದದ್ದನ್ನು ಈ ವಾರ್ತಾಪತ್ರಕ್ಕೆ ಕಳುಹಿಸಿದರೆ ಮುಂದಿನ ಆನ್‌ಜ್ಯಾಕ್ ದಿನದ ಹೊತ್ತಿಗೆ ನಮ್ಮ ಕುಟುಂಬಗಳದೇ ಒಂದು ಪಟ್ಟಿ ಮಾಡಬಹುದು. ಪಟ್ಟಿಯಲ್ಲಿ ನಾಲ್ಕೇ ಹೆಸರಿದ್ದರೂ ಸಾಕು.

ನಮ್ಮ ಬೀದಿಯ ಹಿರಿಯರು ಕಳೆದ ವಾರ ದಾರಿಯಲ್ಲಿ ಸಿಕ್ಕಿದರು. ತಮ್ಮ ಕಡತದ ಕೊನೆಯಲ್ಲಿ ಒಂದು ಹಾಳೆ ಸೇರಿಸಿರುವುದಾಗಿ ಹೇಳಿದರು. ಅದರ ಮೇಲೆ ದೇವಯ್ಯ ಎಂಬ ಹೆಸರು, 1965ರ ಸೆಪ್ಟೆಂಬರ್ 7 ಎಂಬ ದಿನಾಂಕ. ಕಾಗುಣಿತ ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದರು.